ಶಿವಮಲ್ಲಪ್ಪನವರ ಮನೆಗೆ ಬಷೀರ್ ಹಾಸಿದ ನೆಲ

ಗುಂಡ್ಲುಪೇಟೆಯ ಬಷೀರ್ ಅಹಮದ್ ಅವರನ್ನು ನಾನು ಮೊದಲು ನೋಡಿದ್ದು 2006ರ ಮೇ ತಿಂಗಳಲ್ಲಿ, ಚಾಮರಾಜನಗರದ ಒಂದು ಗೃಹಪ್ರವೇಶದಲ್ಲಿ. ಮನೆ ಕಟ್ಟಿಸಿದ ಸೋಮೇಶ್ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಅಂದು ಬಷೀರ್ ಸಾಬರು ಇನ್ನೂರು ಜನರ ಎದುರು ಮಾಡಿದ ಕೆಲಸವನ್ನು ಕಣ್ಣಾರೆ ಕಂಡೆ. ಅದರ ಹಿಂದಿನ ಸಂಗತಿ ತಿಳಿದದ್ದು ಮೂರು ವರ್ಷ ಕಳೆದ ಮೇಲೆ, ಅವರು ನಮ್ಮ ಮನೆಗೆ ಪುಸ್ತಕದ ಬೀರು ಮಾಡಲು ಬಂದಾಗ. ಸ್ವಲ್ಪ ಅವರು ಹೇಳಿದರು. ಅವರು ನುಂಗಿಕೊಂಡದ್ದನ್ನು ಅವರ ಹೆಂಡತಿ ಫಖ್ರುನ್ನೀಸಾ ಹೇಳಿದರು.

ಬಷೀರ್ ಅವರದು ತಲೆತಲಾಂತರದ ಮರಗೆಲಸ. ಗುಂಡ್ಲುಪೇಟೆಯ ಮಸೀದಿಯ ಹಿಂದಿನ ಬೀದಿಯಲ್ಲಿ ತಗಡು ಹೊದಿಸಿದ ಶೆಡ್ಡು. ಬಾಗಿಲು ಮಾಡಿಸಬೇಕು ಅಂದರೆ ಸುತ್ತಿನ ಹಳ್ಳಿಗಳವರೆಲ್ಲ ಅಲ್ಲಿಗೇ ಬರುತ್ತಿದ್ದರು. ತೆರಕಣಾಂಬಿಯ ಶಿವಮಲ್ಲಪ್ಪನವರೂ ಹಾಗೆ ಬಂದವರೇ. ಅವರಿಗೆ ಜಮೀನಿತ್ತು, ಅರಿಸಿನದ ವ್ಯಾಪಾರವಿತ್ತು. ಸುತ್ತಿನ ಊರುಗಳ ಜಗಳಗಳನ್ನು ಕೂರಿಸಿ ನ್ಯಾಯ ಹೇಳುವ ಯಜಮಾನಿಕೆಯೂ ಇತ್ತು. 1995ರಲ್ಲಿ ಅವರು ಒಂದು ಜೋಡಿ ಬಾಗಿಲಿಗೆ ಹೇಳಿ ಹೋದರು. ವಾರ ಕಳೆದ ಮೇಲೆ ಅವರ ಟ್ರಾಕ್ಟರು ಬಂದು ಬಷೀರ್ ಅವರ ಶೆಡ್ಡಿನಲ್ಲಿ ಹನ್ನೊಂದು ಬೀಟೆ ದಿಮ್ಮಿ ಇಳಿಸಿತು.

"ಎರಡು ದಿನ ಇರ್ಲಿ ಕಣ ಬಷೀರ. ಪಾಸು ಬತ್ತಾ ಅದೆ. ಬಂದೇಟ್ಗೆ ಎತ್ತುಸ್ಕೋತೀನಿ" ಎಂದರು ಶಿವಮಲ್ಲಪ್ಪ.

ಕಾಡಿನ ಮರ ಸಾಗಿಸಲು ಬೇಕಾದ ಆ ಪಾಸು ಬರಲಿಲ್ಲ. ಬಂದದ್ದು ಅರಣ್ಯ ಇಲಾಖೆಯ ಜೀಪು. ಬಷೀರ್, "ಇವು ಯಜಮಾನ್ರವು, ಅವರನ್ನೇ ಕೇಳಿ" ಎಂದರು. ಶಿವಮಲ್ಲಪ್ಪನವರನ್ನು ಕರೆಸಿದರು. ಅವರು ಬೀದಿಯಲ್ಲಿ ನಿಂತು, ಅರ್ಧ ಗುಂಡ್ಲುಪೇಟೆ ನೋಡುತ್ತಿರುವಾಗ, ದಿಮ್ಮಿಗಳ ಕಡೆ ಒಂದು ಸಲ ಕಣ್ಣು ಹಾಯಿಸಿದರು.

"ನಂಗೇನು ಗೊತ್ತಪ್ಪ ಈ ಮರದ ವಿಚಾರ? ಬಾಗ್ಲು ಮಾಡ್ಕೊಡು ಅಂತ ಏಳಿದ್ದೆ. ಅಷ್ಟೇಯ. ಇವ್ನು ಎಲ್ಲಿಂದ ತಂದ್ನೋ ಯಾರು ಕಂಡರು."

ಬಷೀರ್ ಐವತ್ತೆರಡು ದಿನ ಜೈಲಿನಲ್ಲಿದ್ದರು. ಕೇಸು ಆರು ವರ್ಷ ಎಳೆದು, ಕೊನೆಗೆ ಸಾಕ್ಷಿ ಸಾಲದೆಂದು ಬಿಟ್ಟರು. ಆದರೆ ಸಾಕ್ಷಿ ಸಾಲದೆ ಬಿಟ್ಟವನನ್ನು ಊರು ತಪ್ಪಿಲ್ಲದವನೆಂದು ಎಣಿಸುವುದಿಲ್ಲ. ಕಳ್ಳಮರದ ಸಾಬ ಎಂಬ ಹೆಸರು ಬಿತ್ತು. ಬಾಗಿಲು ಮಾಡಿಸುವವರು ಬೇರೆ ಕಡೆ ಹೋದರು. ಮಗಳು ಫರಹತ್‌ಗೆ ಕೊಳ್ಳೇಗಾಲದ ಒಂದು ಒಳ್ಳೆಯ ಮನೆಯಲ್ಲಿ ಮಾತಾಗಿತ್ತು. ಆ ಮನೆಯವರು ಜೈಲಿನ ಸುದ್ದಿ ಕೇಳಿದ ಮೂರನೆಯ ದಿನ ಬಂದು, ಚಹಾ ಕೂಡ ಕುಡಿಯದೆ ಸಂಬಂಧ ಮುರಿದುಕೊಂಡು ಹೋದರು. ನಾಲ್ಕು ವರ್ಷ ಯಾರೂ ಕೇಳಿಕೊಂಡು ಬರಲಿಲ್ಲ. ಕೊನೆಗೆ ಹುಣಸೂರಿನಲ್ಲಿ ಹೆಂಡತಿ ಸತ್ತ, ಇಬ್ಬರು ಮಕ್ಕಳಿದ್ದವನಿಗೆ ಕೊಟ್ಟರು. ನಿಕಾಹ್‌ನ ದಿನ ಹುಡುಗಿ ಅಳಲಿಲ್ಲ, ತಂದೆಯ ಮುಖವನ್ನೂ ನೋಡಲಿಲ್ಲ ಎಂದು ಫಖ್ರುನ್ನೀಸಾ ಹೇಳಿದರು.

ಊರಿನಲ್ಲಿ ಕೆಲಸವಿಲ್ಲದೆ ಬಷೀರ್ ಘಟ್ಟದಾಚೆ ಕೇರಳಕ್ಕೆ ಹೋದರು. ಸುಲ್ತಾನ್ ಬತ್ತೇರಿ, ಕಲ್ಪೆಟ್ಟ, ಕೋಳಿಕ್ಕೋಡು, ಹೀಗೆ ಏಳು ವರ್ಷ. ಅಲ್ಲಿ ದುಬೈನಿಂದ ಬಂದವರು ಕಟ್ಟಿಸುತ್ತಿದ್ದ ದೊಡ್ಡ ಮನೆಗಳಲ್ಲಿ ನೆಲಕ್ಕೆ ಮರ ಹಾಸುವುದನ್ನು ಕಲಿತರು. ಹಂಗಳದ ಮಾದೇವ ಎಂಬ ತಮ್ಮ ವಯಸ್ಸಿನವರೇ ಒಬ್ಬರು ಅಲ್ಲಿ ಜೊತೆಯಾದರು. 2003ರಲ್ಲಿ ಇಬ್ಬರೂ ಹಿಂದಿರುಗಿದಾಗ ನಮ್ಮ ಎರಡು ತಾಲ್ಲೂಕಿನಲ್ಲಿ ಆ ಕೆಲಸ ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ.

ಸೋಮೇಶ್ ಬಷೀರ್ ಅವರನ್ನು ಹುಡುಕಿಕೊಂಡು ಹೋದದ್ದು ಅದಕ್ಕೇ. ಅವನು ಶಿವಮಲ್ಲಪ್ಪನವರ ಒಬ್ಬನೇ ಮಗ. ಆ ಗಲಾಟೆಯ ವರ್ಷ ಅವನು ಮೈಸೂರಿನ ಹಾಸ್ಟೆಲಿನಲ್ಲಿದ್ದ. ಏನೋ ಮರದ ಕೇಸು ಆಗಿತ್ತು ಎಂಬಷ್ಟೇ ಅವನಿಗೆ ಗೊತ್ತು. ಊಟಿಯ ಹೋಟೆಲೊಂದರಲ್ಲಿ ಮರದ ನೆಲದ ಮೇಲೆ ಬರಿಗಾಲಲ್ಲಿ ನಡೆದು ಬಂದವನಿಗೆ ತನ್ನ ಮನೆಯ ನಡುಮನೆಗೂ ಅದೇ ಆಗಬೇಕು ಅನ್ನಿಸಿತ್ತು.

"ನೀವೇ ಮಾಡ್ಕೊಡ್ಬೇಕು ಬಷೀರಣ್ಣ. ಬೇರೆಯೋರ ಕೈಲಿ ಆಗಕಿಲ್ಲ" ಎಂದ.

ಬಷೀರ್ ಅವನ ಮುಖವನ್ನೇ ನೋಡಿದರು. ಮೂಗು, ಹುಬ್ಬು ಅಪ್ಪನದೇ. "ಆಯ್ತು. ಮರ ಮಾತ್ರ ನಾನೇ ಆರಿಸ್ತೀನಿ" ಎಂದರು.

ಅವನು ಹೋದ ಮೇಲೆ ಫಖ್ರುನ್ನೀಸಾ ಒಳಗಿನಿಂದ ಬಂದು ಉರ್ದುವಿನಲ್ಲಿ ಕೇಳಿದರು: "ಆ ಮನೆಗೆ ಕಾಲಿಡ್ತೀರಾ?"

"ಇಡ್ತೀನಿ."

"ಅನ್ನಕ್ಕೆ ಗತಿಯಿಲ್ಲವೇ ನಮಗೆ?"

"ಅನ್ನಕ್ಕಲ್ಲ."

ಗಂಡನ ದನಿ ಆಕೆಗೆ ಅರ್ಥವಾಗಿತ್ತು. ತಡೆಯುವ ಮನಸ್ಸು ತನಗೂ ಇರಲಿಲ್ಲ ಎಂದು ನನ್ನೆದುರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ಮರ ಆರಿಸಲು ಬಷೀರ್ ಮತ್ತು ಸೋಮೇಶ್ ಮೈಸೂರಿಗೆ ಹೋದರು. ಮೊದಲು ಒಂದು ದೊಡ್ಡ ಶೋರೂಮು. ಕನ್ನಡಿಯಂತೆ ಹೊಳೆಯುವ ಹಲಗೆಗಳು, ಪೆಟ್ಟಿಗೆಯಲ್ಲಿ ಬರುತ್ತವೆ, ಎರಡೇ ದಿನದಲ್ಲಿ ಹಾಸಬಹುದು ಅಂದರು. ಸೋಮೇಶ್ ಮರುಳಾದ. ಬಷೀರ್ ಒಂದು ತುಂಡು ಕೇಳಿ ಪಡೆದು, ಅಲ್ಲೇ ಬಕೆಟ್ಟಿನ ನೀರಿನಲ್ಲಿ ಹಾಕಿ, "ಊಟ ಮಾಡ್ಕೊಂಡು ಬರನ ಬನ್ನಿ" ಎಂದರು. ಹಿಂದಿರುಗುವಾಗ ತುಂಡಿನ ಅಂಚು ನೆನೆದ ಅವಲಕ್ಕಿಯಂತೆ ಉಬ್ಬಿತ್ತು. ಮರದ ಪುಡಿಯ ಹಲಗೆ, ಮೇಲೆ ಮರದ ಚಿತ್ರ.

ಆಮೇಲೆ ಟಿಂಬರ್ ಯಾರ್ಡು. ಮತ್ತಿ ಮರ ನೋಡಿದರು, ಮಳೆಗಾಲ ಬೇಸಗೆಗೆ ಬಹಳ ಹಿಗ್ಗಿ ಕುಗ್ಗುತ್ತದೆ ಎಂದು ಬಿಟ್ಟರು. ಹೊನ್ನೆ ಗಟ್ಟಿಯೇ, ಆದರೆ ನೀರು ಬಿದ್ದಲ್ಲಿ ಹಳದಿ ಬಣ್ಣ ಬಿಡುತ್ತದೆ. ಸೋಮೇಶ್ ಕಪ್ಪು ಗೆರೆಯ ಒಂದು ಹಲಗೆಯ ಮುಂದೆ ನಿಂತ.

"ಇದು ಚೆನ್ನಾಗದಲ್ಲ. ಏನಿದು?"

"ಬೀಟೆ."

"ಇದನ್ನೇ ಹಾಕನ."

"ನಿಮ್ಮ ಮನೆಗೆ ನನ್ ಕೈಲಿ ಬೀಟೆ ಬ್ಯಾಡ. ನಿಮ್ಮಪ್ಪನ್ನ ಕೇಳಿ, ಯಾಕೆ ಅಂತ ಅವರೇ ಹೇಳ್ತಾರೆ" ಎಂದರು ಬಷೀರ್. ಸೋಮೇಶ್ ಅದನ್ನು ಶಾಸ್ತ್ರದ ಮಾತು ಎಂದುಕೊಂಡು ಮುಂದಕ್ಕೆ ನಡೆದ.

ಕೊನೆಗೆ ತೇಗವೇ ಆಯಿತು. ಬಷೀರ್ ಒಂದೊಂದು ಹಲಗೆಯನ್ನೂ ಎತ್ತಿ ತೂಕ ನೋಡಿದರು, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದರು. ಎರಡು ವರ್ಷ ನೆರಳಿನಲ್ಲಿ ಒಣಗಿದ ಮಾಲು. ಅಷ್ಟಕ್ಕೂ ಇಲಾಖೆಯ ಪಾಸು ಬರೆಸಿಕೊಂಡು ಜೇಬಿನಲ್ಲಿಟ್ಟರು. ಆ ಜಾಗ್ರತೆ ನೋಡಿ ಸೋಮೇಶನಿಗೆ ಖುಷಿಯಾಯಿತು. ಬಷೀರ್ ಅವರ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು.

ಮರ ಕಡಿದ ಮೇಲೂ ಉಸಿರಾಡುತ್ತದೆ ಎಂಬುದು ಬಡಗಿಗಳ ಮಾತು. ತೇವದ ಗಾಳಿಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅದಕ್ಕೇ ನೆಲ ಹಾಸುವಾಗ ಸುತ್ತಲೂ ಗೋಡೆಗೂ ಹಲಗೆಗೂ ನಡುವೆ ಅರ್ಧ ಇಂಚು ಜಾಗ ಬಿಡಬೇಕು. ಆ ಸಂದಿನ ಮೇಲೆ ಮರದ ಪಟ್ಟಿ ಬರುವುದರಿಂದ ಹೊರಗೆ ಕಾಣುವುದಿಲ್ಲ. ಜಾಗ ಬಿಡದೆ ಗೋಡೆಯಿಂದ ಗೋಡೆಗೆ ಬಿಗಿಯಾಗಿ ಹಾಸಿಬಿಟ್ಟರೆ ಬೇಸಗೆಯಲ್ಲಿ ಯಾರಿಗೂ ಗೊತ್ತಾಗದು. ಮಳೆ ಹಿಡಿದಾಗ ಹಲಗೆಗಳು ಹಿಗ್ಗಿ, ಹೋಗಲು ಜಾಗವಿಲ್ಲದೆ, ನಡುವೆ ಗುಡಾರದಂತೆ ಎದ್ದು ನಿಲ್ಲುತ್ತವೆ. ಕಲ್ಪೆಟ್ಟದಲ್ಲಿ ಯಾರೋ ಹಾಸಿದ ಅಂಥ ನೆಲವೊಂದನ್ನು ಬಷೀರ್ ಕಿತ್ತು ಹಾಕಿದ್ದರು. ಶಿವಮಲ್ಲಪ್ಪನ ಹೊಸ ಮನೆಯ ನಡುಮನೆಯೂ ಹಾಗೆ ಸೀಳಿಕೊಂಡು ಮೇಲೇಳಬೇಕು. ಬಂದವರೆಲ್ಲ ಎಡವಬೇಕು. ಸೋಮೇಶ್ ಬಾಯಿಬಿಟ್ಟ ಗಳಿಗೆಯಲ್ಲೇ ಅವರ ಮನಸ್ಸಿನಲ್ಲಿ ಇದು ಗಟ್ಟಿಯಾಗಿತ್ತು.

ಕೆಲಸ ಶುರುವಾದದ್ದು ಮಾರ್ಚಿನಲ್ಲಿ. ದಿನವೂ ಬೆಳಿಗ್ಗೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸು. ಅದು ತೆರಕಣಾಂಬಿಯ ಮೇಲೇ ಹೋಗಬೇಕು. ರಸ್ತೆಯ ಮಗ್ಗುಲಲ್ಲೇ ಶಿವಮಲ್ಲಪ್ಪನವರ ಹಳೆಯ ಮನೆ, ಟ್ರಾಕ್ಟರು ನಿಲ್ಲುವ ಅಂಗಳ. ಬಷೀರ್ ದಿನವೂ ಆ ಕಡೆಯ ಕಿಟಕಿಗೇ ಕೂರುತ್ತಿದ್ದರು. "ಸಿಟ್ಟು ಆರ್ಬಾರ್ದು ಅಂತ ನೋಡ್ತಿದ್ದೆ ಮೇಷ್ಟ್ರೆ" ಎಂದರು ನನಗೆ.

ತಂದ ಹಲಗೆಗಳನ್ನು ಮೂರು ವಾರ ಆ ಮನೆಯಲ್ಲೇ ಜೋಡಿಸಿಟ್ಟು ಅಲ್ಲಿನ ಗಾಳಿಗೆ ಹೊಂದಿಸಿದರು. ಸಿಮೆಂಟಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ತೆಳು ರೀಪು, ರೀಪಿನ ಮೇಲೆ ಹಲಗೆ. ಒಂದು ಹಲಗೆಯ ಅಂಚಿನ ನಾಲಿಗೆ ಪಕ್ಕದ್ದರ ಸೀಳಿನೊಳಗೆ ಕೂತು ಮೊಳೆ ಹೊರಗೆ ಕಾಣದ ಹಾಗೆ ಜೋಡಣೆ. ಎರಡು ದಿನದಲ್ಲಿ ಆರು ಸಾಲು ಮುಗಿಯಿತು. ಮಾದೇವ ಮಂಡಿಯೂರಿ ಗೋಡೆಯ ಬುಡ ನೋಡಿದರು.

"ಭಾಯ್, ಇಲ್ಲಿ ಸಂದು ಬುಟ್ಟಿಲ್ಲ."

"ಗೊತ್ತು."

"ಮಳೆ ಬಂದ್ರೆ ಎದ್ಬುಡ್ತದೆ."

"ಏಳ್ಲಿ."

ಮಾದೇವರಿಗೆ ಹಳೆಯದೆಲ್ಲ ಗೊತ್ತಿತ್ತು. ಅವರು ಬೀಡಿ ಹಚ್ಚಿಕೊಂಡು ಹೊರಗೆ ಹೋದರು, ಬಂದು ಏಳನೆಯ ಸಾಲಿಗೆ ಕೈ ಹಾಕಿದರು.

ಶಿವಮಲ್ಲಪ್ಪನವರ ಹೆಂಡತಿ ಚಿಕ್ಕಮಲ್ಲಮ್ಮ ಹೊಸ ಮನೆಯ ಕೆಲಸ ನೋಡಿಕೊಳ್ಳಲು ಮಗನ ಜೊತೆ ಬಾಡಿಗೆ ಮನೆಯಲ್ಲಿದ್ದರು. ದಿನವೂ ಹತ್ತು ಗಂಟೆಗೆ ಟೀ ತಂದು, ಮೆಟ್ಟಿಲ ಮೇಲೆ ಕೂತು ಹಲಗೆ ಕೂರುವುದನ್ನು ನೋಡುತ್ತಿದ್ದರು. ಬಷೀರ್ ಟೀ ಮುಟ್ಟುತ್ತಿರಲಿಲ್ಲ. ಒಂದು ದಿನ ಆಕೆ ಕೇಳಿದರು.

"ನಿನ್ ಮಗ್ಳು ಏನ್ ಮಾಡ್ತಾವ್ಳೆ ಬಷೀರಪ್ಪ?"

ಬಷೀರ್ ಹಲಗೆಯ ಅಂಚು ನುಣುಪು ಮಾಡಲು ಹತ್ತರಿ ಹೊಡೆಯುವುದನ್ನು ನಿಲ್ಲಿಸಲಿಲ್ಲ. "ಕೊಳ್ಳೇಗಾಲದ ಸಂಬಂಧ ತಪ್ಪೋಯ್ತು ಅಮ್ಮೋರೆ, ನಾನು ಜೈಲಿಗೆ ಹೋದ ವಾರ. ಈಗ ಹುಣಸೂರಲ್ಲವಳೆ. ಎರಡನೇ ಸಂಬಂಧ. ಸತ್ತವಳ ಮಕ್ಕಳನ್ನ ಸಾಕ್ತಾವಳೆ."

ಚಿಕ್ಕಮಲ್ಲಮ್ಮ ಲೋಟ ಎತ್ತಿಕೊಂಡು ಎದ್ದು ಹೋದರು. ಮರುದಿನದಿಂದ ಟೀ ಬರುತ್ತಿತ್ತು, ಆಕೆ ಬರುತ್ತಿರಲಿಲ್ಲ.

ನೆಲ ಅರ್ಧ ಮುಗಿದಾಗ ಶಿವಮಲ್ಲಪ್ಪನವರೇ ನೋಡಲು ಬಂದರು. ಎಪ್ಪತ್ತು ದಾಟಿತ್ತು, ಕೈಯಲ್ಲಿ ಊರುಗೋಲು. ಜೊತೆಗೆ ಉಡಿಗಾಲದ ಇಬ್ಬರು ನೆಂಟರು. ಹಲಗೆಗಳ ಮೇಲೆ ಕೋಲು ಕುಟ್ಟಿ ನೋಡಿ, ನೆಂಟರ ಕಡೆ ತಿರುಗಿ ನಕ್ಕರು.

"ಈ ಮರನಾರ ಸರ್ಯಾದ್ದು ತಾನೇ ಸಾಬ? ಆಮೇಲೆ ಫಾರೆಸ್ಟ್‌ನೋರು ನನ್ ಮನೆ ಬಾಗ್ಲಿಗೆ ಬಂದಾರು ಕಣ."

ನೆಂಟರೂ ನಕ್ಕರು. ಬಷೀರ್ ಮಂಡಿಯೂರಿದ್ದವರು ತಲೆಯೆತ್ತಿ ಆ ಮುಖ ನೋಡಿದರು. ಅಲ್ಲಿ ಅಳುಕಿರಲಿಲ್ಲ. ಹನ್ನೊಂದು ವರ್ಷ ಹೇಳಿ ಹೇಳಿ ಮುದುಕ ತನ್ನ ಸುಳ್ಳನ್ನು ತಾನೇ ನಂಬಿಬಿಟ್ಟಿದ್ದ. ಆ ಕ್ಷಣದಲ್ಲಿ ಬಷೀರ್ ಅವರಿಗೆ ಒಂದು ವಿಷಯ ಹೊಳೆಯಿತು. ಆಷಾಢದಲ್ಲಿ ಈ ನೆಲ ಎದ್ದರೆ ಈ ಮನುಷ್ಯ ಇದೇ ಕೋಲಿನಿಂದ ಕುಟ್ಟಿ, ಇದೇ ನಗು ನಕ್ಕು, "ನಾನಾಗ್ಲೇ ಏಳಿರ್ಲಿಲ್ವಾ, ಅವ್ನು ಕಳ್ಳ ಅಂತ" ಎನ್ನುತ್ತಾನೆ. ಊರೆಲ್ಲ ಹೌದೆನ್ನುತ್ತದೆ. ತಾನು ಬಿಗಿಯುತ್ತಿರುವುದು ತನ್ನ ಕೊರಳನ್ನೇ.

ಅವರು ಹೋದ ಮೇಲೆ ಬಷೀರ್ ಎದ್ದು ಉಳಿ ತೆಗೆದುಕೊಂಡರು. "ಕೀಳು ಮಾದೇವ."

"ಯಾವ ಸಾಲು?"

"ಎಲ್ಲಾ."

ಹನ್ನೆರಡು ದಿನದ ಕೆಲಸವನ್ನು ಮೂರು ದಿನದಲ್ಲಿ ಕಿತ್ತರು. ಒಂದು ನಾಲಿಗೆಯೂ ಮುರಿಯದಂತೆ ಬಿಡಿಸಿ, ಅಂಚು ತಿದ್ದಿ, ಸುತ್ತಲೂ ಅಳತೆಗೆ ಅರ್ಧ ಇಂಚು ಬಿಟ್ಟು ಮತ್ತೆ ಹಾಸಿದರು. ಸೋಮೇಶ್ ಕೇಳಿದ್ದಕ್ಕೆ, "ಮೊದಲು ಹಾಸಿದ್ದು ಮನಸ್ಸಿಗೆ ಬರ್ಲಿಲ್ಲ" ಎಂದಷ್ಟೇ ಹೇಳಿದರು. ಈಗ ಅವರಿಗೆ ಬೇಕಾಗಿದ್ದದ್ದು ಯಾರೂ ಬೆರಳು ತೋರಿಸಲಾಗದ ನೆಲ. ಒಂದೊಂದು ಹಲಗೆಯನ್ನೂ ಹಲ್ಲು ಕಚ್ಚಿ ಕೂರಿಸಿದೆ ಎಂದು ನನಗೆ ಹೇಳಿದರು. ತಮ್ಮ ಜೀವಮಾನದಲ್ಲಿ ಅಷ್ಟು ಒಳ್ಳೆಯ ಕೆಲಸವನ್ನು ಮಾಡಿಲ್ಲವಂತೆ. ಏಪ್ರಿಲ್ ಕೊನೆಗೆ ಪಾಲಿಶ್ ಆಯಿತು. ಆಮೇಲೆ ಅವರು ಗೃಹಪ್ರವೇಶದ ದಿನಕ್ಕೆ ಕಾದರು. ಮನೆ ಕಟ್ಟಿದ ಗಾರೆಯವರಿಗೂ ಬಡಗಿಗೂ ಅಂದು ಎಲ್ಲರೆದುರು ಮನೆಯ ಯಜಮಾನ ಪಂಚೆ, ಶಲ್ಯ, ಎಲೆಅಡಿಕೆ ಕೊಟ್ಟು ಮರ್ಯಾದೆ ಮಾಡುವುದು ನಮ್ಮ ಕಡೆಯ ಪದ್ಧತಿ. ಅದು ಬಷೀರ್ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಂದು ಜನ ಕಿಕ್ಕಿರಿದಿದ್ದರು. ತೆರಕಣಾಂಬಿಯ ಹಿರಿಯರು, ಅರಿಸಿನದ ಮಂಡಿಯವರು, ನೆಂಟರಿಷ್ಟರು. ಚಪ್ಪಲಿ ಬಿಟ್ಟು ಒಳಗೆ ಬಂದವರೆಲ್ಲ ಕಾಲಡಿ ನೋಡಿಕೊಂಡೇ ನಡೆಯುತ್ತಿದ್ದರು. ನಾನೂ ಹಾಗೇ ನಡೆದೆ. ನುಣುಪು, ಆದರೆ ಜಾರುತ್ತಿರಲಿಲ್ಲ. ಎಲ್ಲಿ ಹೆಜ್ಜೆಯಿಟ್ಟರೂ ಸದ್ದಿಲ್ಲ. ಪೂಜೆ ಮುಗಿಯಿತು. ಗಾರೆಯ ಚೆಲುವಯ್ಯನವರಿಗೆ ಮೊದಲು ಮರ್ಯಾದೆಯಾಯಿತು. ಆಮೇಲೆ ಬಷೀರ್ ಅವರ ಹೆಸರು ಕೂಗಿದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬ ಹಾಕಿದ್ದ ತೆಳ್ಳನೆಯ ಮನುಷ್ಯ ಮುಂದೆ ಬಂದರು.

"ತಕೋ ಬಷೀರ. ಚೆನ್ನಾಗಿ ಮಾಡಿದ್ದೀಯ" ಎಂದು ಶಿವಮಲ್ಲಪ್ಪ ತಟ್ಟೆ ಚಾಚಿದರು.

ಬಷೀರ್ ಕೈ ಚಾಚಲಿಲ್ಲ. "ತಕೊಳ್ತೀನಿ ಯಜಮಾನ್ರೆ. ಅದಕ್ಕೆ ಮುಂಚೆ ಒಂದು ಮಾತು ಅದೆ." ದನಿ ಏರಿರಲಿಲ್ಲ, ಆದರೂ ಹಿಂದೆ ನಿಂತಿದ್ದ ನನಗೆ ಕೇಳಿಸಿತು. ಜೇಬಿನಿಂದ ಕಾಗದಗಳನ್ನು ತೆಗೆದರು. "ನೀವು ನಿಂತಿರೋ ಈ ನೆಲದ ಒಂದೊಂದು ಹಲಗೆಗೂ ಇಲ್ಲಿ ಪಾಸ್ ಅದೆ. ತೊಂಬತ್ತೈದನೇ ಇಸ್ವೀಲಿ ನನ್ ಶೆಡ್ಡಲ್ಲಿ ಹನ್ನೊಂದು ಬೀಟೆ ದಿಮ್ಮಿ ಸಿಕ್ಕಿದ್ವು. ಅವಕ್ಕೆ ಪಾಸ್ ಇರ್ಲಿಲ್ಲ. ಅವು ಯಾರವು ಅಂತ ನಿಮ್ ಬಾಯಲ್ಲಿ ಹೇಳಿ. ಆಮೇಲೆ ತಟ್ಟೆ ತಕೊಳ್ತೀನಿ."

ಶಿವಮಲ್ಲಪ್ಪನವರ ಕೈಯಲ್ಲಿ ತಟ್ಟೆ ಹಾಗೇ ಇತ್ತು.

"ಒಳ್ಳೇ ಕೆಲ್ಸದ ದಿನ ಹಳೇ ಮಾತ್ಯಾಕ ಬುಡು. ಕೋರ್ಟು ಬುಟ್ಬುಡ್ಲಿಲ್ವಾ ನಿನ್ನ?"

"ಕೋರ್ಟು ಬುಡ್ತು. ಊರು ಬುಡ್ಲಿಲ್ಲ."

ಸೋಮೇಶ್ ಬಂದು ಅವರ ತೋಳು ಹಿಡಿದ. "ಬಷೀರಣ್ಣ, ಆಚೆ ಹೋಗಿ ಮಾತಾಡನ ಬನ್ನಿ."

"ಆಚೆ ಮಾತಾಡಕ್ಕೆ ಅದು ಗುಟ್ಟಲ್ಲಿ ಆದದ್ದಲ್ಲ ಸೋಮೇಶಪ್ಪ. ಬೀದೀಲಿ, ಎಲ್ಲರೆದುರ್ಗೆ ಆದದ್ದು. ಎಲ್ಲರೆದುರ್ಗೇ ಹೇಳ್ಲಿ."

ಮುದುಕರು ಆ ಕಡೆ ಈ ಕಡೆ ನೋಡಿದರು. ಎಷ್ಟೋ ಪಂಚಾಯ್ತಿಗಳಲ್ಲಿ ಅವರ ಮಾತಿಗೆ ತಲೆಯಾಡಿಸಿದ್ದ ಹಿರಿಯರು ಅಲ್ಲೇ ಇದ್ದರು. ಯಾರೂ ತಲೆಯಾಡಿಸಲಿಲ್ಲ. ಬಷೀರ್ ಕೈಕಟ್ಟಿ ಕಾದರು. ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲ ಮನುಷ್ಯನ ನಿಲುವು ಅದು.

ಮಾತು ಬಂದದ್ದು ಅಡುಗೆಮನೆಯ ಬಾಗಿಲಿನಿಂದ. ಚಿಕ್ಕಮಲ್ಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ನಮ್ಮವೇ ಕಣಪ್ಪ. ಟ್ರಾಕ್ಟರು ನಮ್ಮ ಅಂಗಳದಲ್ಲೇ ಲೋಡಾಯ್ತು. ಗೇಟು ತಗ್ದವಳು ನಾನು. ಇವರು ಸುಳ್ಳೇಳುದ್ರು. ನಾನು ಬಾಯಿ ಮುಚ್ಕೊಂಡಿದ್ದೆ. ಒಂದು ಎಣ್ಣುಮಗೀನ ಬಾಳು ಓಯ್ತು."

ಶಿವಮಲ್ಲಪ್ಪ ಹೆಂಡತಿಯ ಕಡೆ ತಿರುಗಲಿಲ್ಲ. ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು, ಕುರ್ಚಿ ಹುಡುಕಿ ಕೂತರು. ಬಷೀರ್ ಆಕೆಗೆ ಕೈಮುಗಿದರು. ತಟ್ಟೆ ಮಾತ್ರ ಮುಟ್ಟಲಿಲ್ಲ. ತಾವೇ ಹಾಸಿದ ನೆಲದ ಮೇಲೆ ನಿಧಾನವಾಗಿ ನಡೆದು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೋದರು. ನಾವು ಹೋಳಿಗೆ ಊಟಕ್ಕೆ ಕೂತೆವು. ತೆರಕಣಾಂಬಿಯ ಹಿರಿಯರಲ್ಲಿ ನಾಲ್ಕೈದು ಜನ ಊಟ ಮಾಡದೆಯೇ ಹೊರಟರು.

ಮನೆಗೆ ಬಂದ ಬಷೀರ್ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು, ಹಗಲಿನಲ್ಲೇ ಗಾಢವಾಗಿ ಮಲಗಿಬಿಟ್ಟರಂತೆ. ಹನ್ನೊಂದು ವರ್ಷದಲ್ಲಿ ಅವರು ಹಾಗೆ ನಿದ್ದೆ ಹೋದದ್ದನ್ನು ಫಖ್ರುನ್ನೀಸಾ ನೋಡಿರಲಿಲ್ಲ.

ಆಮೇಲೆ ಶಿವಮಲ್ಲಪ್ಪನವರನ್ನು ಪಂಚಾಯ್ತಿಗೆ ಕರೆಯುವವರು ಕಡಿಮೆಯಾದರು, ಒಂದು ವರ್ಷದೊಳಗೆ ಕರೆ ಬರುವುದೇ ನಿಂತುಹೋಯಿತು. ಜಗಳವಾಡಿದವನೊಬ್ಬ ಮುಖದ ಮೇಲೇ, "ನೀವು ಮೊದ್ಲು ಆ ಹನ್ನೊಂದು ದಿಮ್ಮಿ ನ್ಯಾಯ ಏಳಿ" ಎಂದನಂತೆ. ಸೋಮೇಶ್ ಬಷೀರ್ ಅವರನ್ನು ಮತ್ತೆ ಮಾತಾಡಿಸಲಿಲ್ಲ. ಗುಂಡ್ಲುಪೇಟೆಯಲ್ಲಿ ಹಳೆಯ ಗಿರಾಕಿಗಳು ಶೆಡ್ಡಿಗೆ ತಿರುಗಿ ಬಂದರು. ಕೆಲವರಿಗೆ ಅವರು, "ನನ್ನ ಹತ್ರ ಟೈಮಿಲ್ಲ" ಎಂದು ಹೇಳಿ ಕಳಿಸಿದರು. ಯಾರಿಗೆ ಹಾಗೆ ಹೇಳಬೇಕು ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ರಂಜಾನಿಗೆ ಬಂದ ಫರಹತ್ ಎಲ್ಲವನ್ನೂ ಕೇಳಿ, "ಅಂದು ನಾನೂ ಅಲ್ಲಿ ಇರಬೇಕಿತ್ತು ಅಬ್ಬಾ. ಅವನ ಮುಖ ನೋಡಬೇಕಿತ್ತು" ಎಂದಳು.

ಎರಡು ವರ್ಷದ ನಂತರ ಒಂದು ಮಧ್ಯಾಹ್ನ ಬಷೀರ್ ಅವರ ಬಸ್ಸು ತೆರಕಣಾಂಬಿಯಲ್ಲಿ ನಿಂತಿತ್ತು. ಶಿವಮಲ್ಲಪ್ಪ ಕೋಲೂರಿಕೊಂಡು ಕಿಟಕಿಯ ಹತ್ತಿರ ಬಂದರು. ಬಹಳ ಇಳಿದುಹೋಗಿದ್ದರು.

"ಬಷೀರ, ಇನ್ನಾರ ಬುಟ್ಬುಡು ಕಣ. ಸಾಯೋ ವಯಸ್ಸು."

"ಅವತ್ತು ಹೇಳಿದ್ದು ಅಮ್ಮೋರು. ನೀವಲ್ಲ. ನೀವು ಹೇಳಿ, ಬುಡ್ತೀನಿ."

ಮುದುಕರು ನಿಂತೇ ಇದ್ದರು. ಬಸ್ಸಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

ಮರುವರ್ಷ ಶಿವಮಲ್ಲಪ್ಪ ತೀರಿಕೊಂಡರು. ಬಷೀರ್ ನಮ್ಮ ಮನೆಯಲ್ಲಿ ಬೀರು ಮಾಡುತ್ತಿದ್ದದ್ದು ಆಗಲೇ. ಸುದ್ದಿ ತಂದ ಮಾದೇವ, ಮಣ್ಣಿಗೆ ಹೋಗೋಣವೇ ಎಂದು ಕೇಳಿದರು. ಬಷೀರ್ ಬೇಡವೆಂದರು. ಹಾಗಾದರೆ ಅವರನ್ನು ಕೊನೆಗೂ ಕ್ಷಮಿಸಲಿಲ್ಲವೇ ಎಂದು ನಾನು ಕೇಳಿದೆ.

"ಬಸ್ಸಿಂದ ಇಳಿಯಕ್ಕೆ ತಯಾರಾಗಿದ್ದೆ ಮೇಷ್ಟ್ರೆ" ಎಂದರು. "ಒಂದ್ ಮಾತು ಆಡಿದ್ರೆ ಇಳೀತಿದ್ದೆ. ಆಡ್ಲಿಲ್ಲ ಆ ಮನುಷ್ಯ." ಹತ್ತರಿ ಎತ್ತಿಕೊಂಡು ಹಲಗೆಯ ಕಡೆ ತಿರುಗಿದರು.